ಕ್ಯಾರವಾನ್ ಮಾರುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಕ್ಯಾರವಾನ್ ಮಾರಿಲ್ಲ, ಮಾರುವುದೂ ಇಲ್ಲ. ಎಜ್‌ವೇರ್‌ನಲ್ಲಿರುವ ನನ್ನ ಮಗಳು ಬಹಳ ದಿನದಿಂದ ಮಾರು ಮಾರು ಎನ್ನುತ್ತಿದ್ದಾಳೆ. ಬೇರೆ ಎಲ್ಲ ವಿಷಯಕ್ಕೂ ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇದೊಂದನ್ನು ಮಾತ್ರ ಕನ್ನಡದಲ್ಲೇ ಹೇಳುತ್ತಾಳೆ, ಕೇಳಿಸಲಿಲ್ಲ ಎಂದು ನಾನು ತಪ್ಪಿಸಿಕೊಳ್ಳಬಾರದು ಎಂದು.

"ಅಪ್ಪಾ, ಮಾರಿಬಿಡು ಅದನ್ನ. ವಯಸ್ಸಾತು."

"ವಯಸ್ಸು ನನಗ ಆಗೇತಿ. ಕ್ಯಾರವಾನಿಗೇನ್ ಆಗೇತಿ?"

ಇದೇ ಜಗಳ ಪ್ರತಿ ಭಾನುವಾರ. ನಾನು ಹಟಮಾರಿ ಎಂದು ಎಲ್ಲರಿಗೂ ಗೊತ್ತು. ಆದರೆ ಈ ಕ್ಯಾರವಾನಿನ ಕತೆಯಲ್ಲಿ ಒಂದು ಕಡೆ ನಾನು ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಉಳಿದದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವವನಲ್ಲ.

ನಾನು ಗದಗಿನ ಕಡೆಯವನು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೆಯ ಸಲಕ್ಕೆ. ಲಂಡನ್ನಿಗೆ ಬಂದದ್ದು ಹೆಂಡತಿಯ ಬೆನ್ನು ಹತ್ತಿ. ಅವಳು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವಳು. ಇಲ್ಲಿಯ ಆಸ್ಪತ್ರೆಯೊಂದು ಅವಳನ್ನು ಕರೆಸಿಕೊಂಡಿತು, ಅವಳು ನನ್ನನ್ನು ಕರೆಸಿಕೊಂಡಳು. ನಾನು ಬಸ್ ಡ್ರೈವರ್ ಆದೆ. ಕನ್ನಡದ ಕೂಟಗಳಲ್ಲಿ ಹೊಸಬರು ಯಾರಾದರೂ "ಸಾರ್ ಯಾವ ಆಸ್ಪತ್ರೇಲಿದ್ರಿ?" ಎಂದು ಕೇಳಿದರೆ, "ಆಸ್ಪತ್ರೆ ಮುಂದಿನ ಸ್ಟಾಪಿನಾಗ ನಿಮ್ಮನ್ನ ಇಳಸ್ತಿದ್ದೆ" ಎನ್ನುತ್ತಿದ್ದೆ. ನಿವೃತ್ತಿಯವರೆಗೂ ಬಸ್ಸು ನಡೆಸಿದೆ. ಒಬ್ಬರ ಕಾಲಿನ ಮೇಲೂ ಗಾಲಿ ಹಾಯಿಸಿದವನಲ್ಲ. ಈ ಹೆಮ್ಮೆಯೇ ಮುಂದೆ ನನ್ನನ್ನು ಕೆಡಿಸಿತು.

ನಾವು ಬಂದ ಹೊಸದರಲ್ಲಿ ಒಮ್ಮೆ ಸಮುದ್ರ ನೋಡಲು ಹೋಗಿದ್ದೆವು. ಹೆಂಡತಿ ಫೋನಿನಲ್ಲಿ ಮಾತಾಡಿ ಒಂದು ಮನೆಯಲ್ಲಿ ಕೋಣೆ ಗೊತ್ತುಮಾಡಿದ್ದಳು. ಬಾಗಿಲು ತೆರೆದ ಹೆಂಗಸು ನಮ್ಮಿಬ್ಬರ ಮುಖ ನೋಡಿ, ಕೋಣೆ ಈಗಷ್ಟೇ ಹೋಯಿತು ಎಂದಳು. ಕಿಟಕಿಯಲ್ಲಿ ಕೋಣೆ ಖಾಲಿ ಇದೆ ಎಂಬ ಫಲಕ ತೂಗುತ್ತಲೇ ಇತ್ತು. ಪಕ್ಕದ ಮನೆಯಲ್ಲೂ ಅದೇ ಮಾತು. ಅದೇ ಸಂಜೆಯ ರೈಲಿಗೆ ಹಿಂದಿರುಗಿದೆವು. ಆಮೇಲೆ ರಜೆ ಎಂದರೆ ಗದಗ, ಗದಗ ಎಂದರೆ ರಜೆ. ಈ ದೇಶದ ಸಮುದ್ರವನ್ನು ನಾವು ನೋಡಲೇ ಇಲ್ಲ. ನಿವೃತ್ತಿಯಾದ ಮೇಲೆ ನಾನು ಮೊದಲು ಮಾಡಿದ ಕೆಲಸ ಈ ಹಳೆಯ ಕ್ಯಾರವಾನ್ ಕೊಂಡದ್ದು. ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಪುಟ್ಟ ಮನೆ. ಎರಡು ಮಂಚ, ಒಂದು ಒಲೆ, ಒಂದು ಫ್ರಿಜ್, ಮೊಣಕಾಲು ತಾಗುವಂಥ ಕಕ್ಕಸು. ಇನ್ನು ಮೇಲೆ ಯಾವಳ ಬಾಗಿಲನ್ನೂ ಬಡಿಯಬೇಕಾಗಿಲ್ಲ ಎಂದುಕೊಂಡೆ. ಹೆಂಡತಿ ಒಳಗೆಲ್ಲ ಒಂದು ಸುತ್ತು ನೋಡಿ, "ಇಷ್ಟರಾಗ ರೊಟ್ಟಿ ಬಡಿಯಾಕ ಜಾಗ ಎಲ್ಲೈತ್ರಿ?" ಎಂದಳು. ಮೇಜಿನ ಕಾಲಿಗೆ ನಾನು ಇನ್ನೊಂದು ಆಸರೆ ಬಡಿದುಕೊಟ್ಟೆ.

ಮೊದಲ ಬೇಸಿಗೆ ನಾರ್ಫೋಕ್‌ನ ಒಂದು ಹೊಲದಲ್ಲಿ ನಿಲ್ಲಿಸಿದ್ದೆವು. ಬೆಳಗಾದೊಡನೆ ಅವಳು ಜೋಳದ ರೊಟ್ಟಿ ಬಡಿಯಲು ಕುಳಿತಳು. ಪಟಪಟ ಸದ್ದಿಗೆ ಪಕ್ಕದ ಕ್ಯಾರವಾನಿನ ಮುದುಕ ಪೈಜಾಮದಲ್ಲೇ ಎದ್ದುಬಂದ, ಏನಾದರೂ ಮುರಿಯಿತೆ, ಸಹಾಯ ಬೇಕೆ ಎಂದು. ಅವಳು ಅವನ ಕೈಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಎಲ್ಲರೂ ಅವನಂತಿರಲಿಲ್ಲ. ವಾಸನೆ ಎಂದು ಮೂಗು ಮುಚ್ಚಿಕೊಂಡವರಿದ್ದರು, ಬಿಸಿಲಿಗೆ ಹಪ್ಪಳ ಹರಡಿದ್ದಕ್ಕೆ ದೂರು ಕೊಟ್ಟವರಿದ್ದರು. ದೂರು ಕೊಟ್ಟ ಮರುದಿನ ಅವಳು ಇನ್ನೊಂದು ಮೇಜು ಹಾಕಿ ಹಪ್ಪಳ ಹರಡುತ್ತಿದ್ದಳು. ಅದನ್ನು ನೋಡಲು ನನಗೆ ಬಹಳ ಇಷ್ಟ.

ಇನ್ನು ತಪ್ಪಿನ ವಿಷಯ.

ನನ್ನ ಕಣ್ಣಿಗೆ ಗ್ಲಾಕೋಮಾ ಇರುವುದು ಹೆಂಡತಿಗೆ ಮೊದಲಿನಿಂದ ಗೊತ್ತು. ರಾತ್ರಿ ಮಲಗುವ ಮುಂಚೆ ಹನಿ ಹಾಕುವವಳೇ ಅವಳು. ಆಸ್ಪತ್ರೆಗೂ ಜೊತೆಯಲ್ಲೇ ಬರುತ್ತಿದ್ದಳು. ಹೋದ ವಸಂತದಲ್ಲಿ ಒಂದು ಸಲ ಮಾತ್ರ ಮೊಮ್ಮಗಳಿಗೆ ಜ್ವರ ಎಂದು ಎಜ್‌ವೇರ್‌ಗೆ ಹೋಗಿದ್ದಳು, ನಾನೊಬ್ಬನೇ ಹೋದೆ. ಒಂದು ಪೆಟ್ಟಿಗೆಯಂಥ ಯಂತ್ರದಲ್ಲಿ ಗದ್ದ ಇಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತ, ಸುತ್ತ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ನಾನು ಒತ್ತುತ್ತಲೇ ಇದ್ದೆ. ಚೆನ್ನಾಗಿ ಮಾಡಿದೆ ಎಂದುಕೊಂಡೆ. ಡಾಕ್ಟರಮ್ಮ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದಳು: ಎಡಗಡೆ ಎಲ್ಲ ಕಪ್ಪು. ಅಲ್ಲಿ ಮಿನುಗಿದ ಬೆಳಕು ನನಗೆ ಕಂಡೇ ಇರಲಿಲ್ಲ. ಇನ್ನು ಗಾಡಿ ಓಡಿಸಕೂಡದು, ಲೈಸೆನ್ಸ್ ಕೊಡುವವರಿಗೆ ನೀವೇ ತಿಳಿಸಬೇಕು ಎಂದಳು. ನಾನು ಥ್ಯಾಂಕ್ಯೂ ಹೇಳಿ ಎದ್ದೆ.

ಸಂಜೆ ಹೆಂಡತಿ ಕೇಳಿದಳು: "ಏನಂದ್ರು?"

"ಮೊದಲಿನಂಗ ಐತಂತ."

ಇಷ್ಟು ಸಲೀಸಾಗಿ ಬಾಯಿಂದ ಬಂತು. ಕಪ್ಪು ಎಂದು ಅವರು ತೋರಿಸಿದ್ದು ನನಗೆ ಕಪ್ಪಾಗಿ ಕಾಣುತ್ತಿರಲಿಲ್ಲ, ಅದೇ ಸಮಸ್ಯೆ. ರಸ್ತೆ ಪೂರ್ತಿ ಕಾಣುತ್ತಿದೆ ಎಂದೇ ಅನಿಸುತ್ತಿತ್ತು. ಇಷ್ಟು ವರ್ಷ ಬಸ್ಸು ನಡೆಸಿದವನಿಗೆ ಯಂತ್ರವೊಂದು ಬುದ್ಧಿ ಹೇಳುತ್ತದೆಯೆ ಎಂದು ಸೊಕ್ಕು. ಒಂದು ಬೇಸಿಗೆ, ಇದೊಂದೇ ಬೇಸಿಗೆ, ಎಂದುಕೊಂಡೆ.

ಜುಲೈಯಲ್ಲಿ ಸಫೋಕ್‌ನ ಕಡಲ ಕಡೆ ಹೊರಟೆವು. ನಾವು ನಿಲ್ಲಬೇಕಿದ್ದ ಹೊಲದ ಗೇಟು ರಸ್ತೆಯ ಎಡಕ್ಕಿತ್ತು. ಎಡಕ್ಕೆ ತಿರುಗುವಾಗ ಕಾರು ದೂರದಿಂದ ಹೋದರೂ ಹಿಂದಿನ ಕ್ಯಾರವಾನ್ ಒಳಕ್ಕೆ ಒತ್ತಿಕೊಂಡು ಬರುತ್ತದೆ. ಎಡಗಡೆಯ ಕನ್ನಡಿಯಿಂದ ಕಣ್ಣು ತೆಗೆಯಬಾರದು. ನಾನು ಕನ್ನಡಿ ನೋಡಿದೆ. ಯಾರೂ ಇರಲಿಲ್ಲ. ತಿರುಗಿಸಿದೆ.

ಗೇಟಿನ ಕಂಬದ ಹತ್ತಿರ ಒಬ್ಬ ಹೆಂಗಸು ಕೂಸಿನ ತಳ್ಳುಗಾಡಿ ಹಿಡಿದು ನಿಂತಿದ್ದಳು. ಅವಳ ಕಿರುಚಾಟ ಕೇಳಿ ಬ್ರೇಕ್ ಒತ್ತಿದೆ. ಅವಳು ಗಾಡಿಯನ್ನು ಹಿಂದಕ್ಕೆ ಎಳೆದ ರಭಸಕ್ಕೆ ಅದು ಪಕ್ಕಕ್ಕೆ ಉರುಳಿತ್ತು. ಪಟ್ಟಿ ಕಟ್ಟಿದ್ದರಿಂದ ಕೂಸಿಗೆ ಏನೂ ಆಗಲಿಲ್ಲ, ಹೆದರಿ ಅಳುತ್ತಿತ್ತು. ಕ್ಯಾರವಾನಿನ ಪಕ್ಕೆ ಕಂಬಕ್ಕೆ ಉಜ್ಜಿ ಉದ್ದಕ್ಕೆ ಗೀರಿತ್ತು. ಹೆಂಗಸು ಕಾರಿನ ಕಿಟಕಿಗೆ ಬಂದು ಕೂಗಿದಳು, ನೀನೇನು ಕುರುಡನೆ ಎಂದು.

ನಾನು ಉತ್ತರ ಕೊಡುವ ಮೊದಲೇ ನನ್ನ ಹೆಂಡತಿ ಬಾಗಿಲು ತೆರೆದು ಕೆಳಗಿಳಿದಳು. ಅವಳು ಜೀವನವಿಡೀ ವಾರ್ಡುಗಳಲ್ಲಿ, ಬಸ್ ಸ್ಟಾಪುಗಳಲ್ಲಿ, ಅಂಗಡಿಗಳಲ್ಲಿ ನುಂಗಿಕೊಂಡದ್ದೆಲ್ಲ ಅವತ್ತು ಹೊರಗೆ ಬಂತು. ಬಿಳಿ ಗಂಡಸು ಕುಳಿತಿದ್ದರೆ ಹೀಗೆ ಕೂಗುತ್ತಿದ್ದೆಯಾ ಎಂದು ಕೇಳಿದಳು. ಇವರು ನೀನು ಹುಟ್ಟುವ ಮುಂಚಿನಿಂದ ಲಂಡನ್ ಬಸ್ಸು ನಡೆಸಿದವರು, ಒಂದು ಕೋಳಿಗೂ ಪೆಟ್ಟು ಮಾಡಿದವರಲ್ಲ, ಕೂಸನ್ನು ಗೇಟಿನಲ್ಲಿ ನಿಲ್ಲಿಸಿಕೊಂಡು ನೀನು ಎತ್ತ ನೋಡುತ್ತಿದ್ದೆ ಎಂದಳು. ಆ ಹೆಂಗಸಿನ ಮುಖ ಕೆಂಪಾಯಿತು. ಏನೋ ಹೇಳಲು ಹೋಗಿ ನಿಲ್ಲಿಸಿದಳು. ಕೂಸನ್ನು ಎತ್ತಿಕೊಂಡು, ಖಾಲಿ ಗಾಡಿ ತಳ್ಳುತ್ತ ಹೋದಳು. ನಾನು ಸ್ಟೀರಿಂಗ್ ಹಿಡಿದು ಕುಳಿತೇ ಇದ್ದೆ. ಒಂದು ಮಾತೂ ಆಡಲಿಲ್ಲ.

ಸಂಜೆ ಹೊಲದ ಯಜಮಾನ ಬುಟ್ಟಿ ತುಂಬ ಸ್ಟ್ರಾಬೆರಿ ತಂದುಕೊಟ್ಟ. ನಿಮಗೆ ಹೀಗಾದದ್ದಕ್ಕೆ ನಾಚಿಕೆಯಾಗಿದೆ ಎಂದ. ನಾನು ಸ್ಟ್ರಾಬೆರಿ ತಿಂದೆ.

ಸೆಪ್ಟೆಂಬರಿನ ಗಣಪತಿ ಹಬ್ಬಕ್ಕೆ ಕ್ರೋಯ್ಡನ್ನಿನ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮವರೆಲ್ಲ ಸೇರಿದಾಗ ಹೆಂಡತಿ ಈ ಕತೆ ಹೇಳಿದಳು. ಕೇಳಿದವರ ಕಣ್ಣು ತುಂಬಿತು. ಧಾರವಾಡದ ಡಾಕ್ಟರೊಬ್ಬರು ತಮಗೂ ಹೀಗಾದದ್ದನ್ನು ಹೇಳಿದರು, ಐಟಿ ಹುಡುಗರು ತಮ್ಮದನ್ನು ಹೇಳಿದರು. ಎಲ್ಲವೂ ನಿಜವಾದ ಕತೆಗಳೇ. ನಮ್ಮದೊಂದೇ ಸುಳ್ಳು. ಯಾರೋ ನನ್ನ ಭುಜ ತಟ್ಟಿ, "ನೀವು ಸುಮ್ಮನಿದ್ರಲ್ಲ ಸಾರ್, ಅದು ದೊಡ್ಡತನ" ಎಂದರು. ನಾನು ಕೇಸರಿಬಾತು ತಿನ್ನುತ್ತಿದ್ದೆ. ಆ ವಾರವೇ ಲೈಸೆನ್ಸ್ ವಾಪಸು ಕಳಿಸಿದೆ. ನನಗೆ ಮೊಣಕಾಲು ನೋವು ಎಂದು ಹೆಂಡತಿಗೆ ಹೇಳಿ ಕಾರಿನ ಕೀಲಿ ಅವಳಿಗೆ ಕೊಟ್ಟೆ. ಅಂಗಡಿ, ಡಾಕ್ಟರು, ಮಗಳ ಮನೆ ಎಲ್ಲಕ್ಕೂ ಅವಳೇ ಓಡಿಸತೊಡಗಿದಳು.

ಪ್ರತಿ ಚಳಿಗಾಲ ಕ್ಯಾರವಾನ್ ಇಲ್ಫರ್ಡ್‌ನ ನಮ್ಮ ಮನೆಯ ಮುಂದೆಯೇ ಇರುತ್ತಿತ್ತು. ಈ ಸಲ ಊರಾಚೆ ಹಾವರಿಂಗ್ ಕಡೆ, ಕ್ಯಾರವಾನುಗಳನ್ನು ಕಾಯ್ದಿಡುವ ಒಂದು ಅಂಗಳದಲ್ಲಿ ನಿಲ್ಲಿಸುತ್ತೇನೆ ಎಂದೆ. ಪಕ್ಕದ ಮನೆಯವರ ಕಿಟಕಿಗೆ ಬೆಳಕಿಲ್ಲ ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ ಬೇರೆ. ಮನೆಯ ಮುಂದೆ ಇದ್ದರೆ ವಸಂತ ಬಂದೊಡನೆ ಅವಳು "ಈ ಸಲ ಎತ್ತಾಗ್ರಿ?" ಎಂದು ಕೇಳುತ್ತಾಳೆ. ಕಣ್ಣಿಗೆ ಬೀಳದಿದ್ದರೆ ಕೇಳಲಿಕ್ಕಿಲ್ಲ. ಅಲ್ಲಿಯವರೆಗೆ ಎಳೆದುಕೊಂಡು ಹೋಗುವುದು ಹೇಗೆ? ಅದಕ್ಕೂ ಉಪಾಯ ಇಟ್ಟುಕೊಂಡಿದ್ದೆ: ಭಾನುವಾರ ಬೆಳಗ್ಗೆ ರಸ್ತೆ ಖಾಲಿ ಇರುವಾಗ ನಾನೇ ಕೊನೆಯ ಸಲ ಓಡಿಸುವುದು. ಒಂದು ಕೂಸು ಉಳಿದದ್ದೇ ಹೆಚ್ಚು ಎಂದು ಗೊತ್ತಿದ್ದೂ, ಲೈಸೆನ್ಸ್ ಇಲ್ಲದೆಯೂ, ಮತ್ತೆ ಓಡಿಸಲು ಹೊರಟಿದ್ದೆ. ಅದೇ ನಿಜ.

ಅಕ್ಟೋಬರಿನ ಒಂದು ವಾರ ಪೂರ್ತಿ ಆ ಕೆಲಸಕ್ಕೆ ಕುಳಿತೆ. ಕ್ಯಾರವಾನನ್ನು ಬಹಳ ದಿನ ನಿಲ್ಲಿಸಬೇಕಾದರೆ ಮೊದಲ ಶತ್ರು ನೀರು. ಕೊಳವೆಯಲ್ಲಿ ಒಂದು ಬೊಗಸೆ ಉಳಿದರೂ ಜನವರಿಯಲ್ಲಿ ಹೆಪ್ಪುಗಟ್ಟಿ ಕೊಳವೆ ಸೀಳುತ್ತದೆ. ಕೆಳಗೆ ಮಲಗಿ ನೀರು ಕಾಯಿಸುವ ಟ್ಯಾಂಕಿನ ಬಿರಡೆ ತೆಗೆದೆ, ತೋಳಿನೊಳಗೆಲ್ಲ ತಣ್ಣೀರು ಇಳಿಯಿತು. ಎಲ್ಲ ನಲ್ಲಿಗಳನ್ನೂ ತೆರೆದಿಟ್ಟೆ. ಕಕ್ಕಸಿನ ಡಬ್ಬಿ ತೊಳೆದು ಒಣಗಿಸಿದೆ. ಫ್ರಿಜ್ಜಿನ ಬಾಗಿಲು ಮುಚ್ಚದಂತೆ ಸಂದಿಗೆ ಅರಿವೆ ಸಿಕ್ಕಿಸಿದೆ, ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಗ್ಯಾಸ್ ಸಿಲಿಂಡರ್ ಬಿಚ್ಚಿದೆ, ಬ್ಯಾಟರಿ ಬಿಚ್ಚಿದೆ. ಇಷ್ಟು ಪ್ರತಿ ವರ್ಷದ್ದೇ. ಈ ಸಲ ಹಾಸಿಗೆಗಳನ್ನೂ ಮನೆಯೊಳಗೆ ಸಾಗಿಸಿದೆ, ಪರದೆ ಕಳಚಿದೆ, ಪಾತ್ರೆ ಪಗಡೆ, ರೊಟ್ಟಿ ಹಂಚು, ಒಲೆಯ ಮೇಲಿನ ಬಸವಣ್ಣನ ಫೋಟೋ ಎಲ್ಲವನ್ನೂ ತೆಗೆದೆ. ಟೈರಿನ ಮೇಲೆ ಭಾರ ಬೀಳದಂತೆ ಎತ್ತಿ ನಿಲ್ಲಿಸಲು ಕಬ್ಬಿಣದ ಗೂಟಗಳನ್ನು ತಂದು ಕಾರಿನ ಡಿಕ್ಕಿಯಲ್ಲಿಟ್ಟೆ. ವರ್ಷಗಟ್ಟಲೆ ನಿಲ್ಲುವ ಗಾಡಿಗೆ ಮಾಡುವ ಕೆಲಸ ಇದು.

ಶುಕ್ರವಾರ ಮಧ್ಯಾಹ್ನ ಹೆಂಡತಿ ಒಂದು ಕೈಯಲ್ಲಿ ತುಂಬಿದ ತಂಬಿಗೆ, ಇನ್ನೊಂದರಲ್ಲಿ ಜೋಳದ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು. ನಮ್ಮ ಕಡೆ ಊರಿಗೆ ಹೋಗುವಾಗ ಮನೆಯನ್ನು ಬರಿದು ಮಾಡಿ ಕೀಲಿ ಹಾಕುವುದಿಲ್ಲ. ಕೊಡದಲ್ಲಿ ನೀರು, ಡಬ್ಬಿಯಲ್ಲಿ ಒಂದು ಹಿಡಿ ಕಾಳು ಬಿಟ್ಟು ಹೋಗಬೇಕು. ಬರಿದು ಬಿಟ್ಟ ಮನೆಗೆ ತಿರುಗಿ ಬರುವವರಿಲ್ಲ ಎಂದು ಅರ್ಥ. ಕ್ಯಾರವಾನಿಗೂ ಅವಳು ಅದೇ ನೇಮ ನಡೆಸುತ್ತಿದ್ದಳು. ಮೊದಲ ಚಳಿಗಾಲ ಆ ಕಾಳಿಗೆ ಇಲಿ ಬಂದು ಹಾಸಿಗೆಯನ್ನೂ ಕಡಿದಿತ್ತು, ತಂಬಿಗೆಯ ನೀರು ಹೆಪ್ಪುಗಟ್ಟಿ ತಳ ಉಬ್ಬಿತ್ತು. ಅಂದಿನಿಂದ ಅವಳು ಇಟ್ಟು ಹೋದ ಮೇಲೆ ನಾನು ಸುಮ್ಮನೆ ತೆಗೆದು ಅಡುಗೆಮನೆಯಲ್ಲಿ ಇಡುತ್ತಿದ್ದೆ, ವಸಂತದಲ್ಲಿ ಅವಳಿಗಿಂತ ಮೊದಲು ಹೋಗಿ ಮತ್ತೆ ಇಡುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತು. ಕೇಳುತ್ತಿರಲಿಲ್ಲ.

ಈ ಸಲ ನನಗೆ ಆ ಆಟ ಆಡಲು ಆಗಲಿಲ್ಲ. "ಬ್ಯಾಡ. ಒಳಗ ತಗೊಂಡ್ ಹೋಗು" ಎಂದೆ.

"ಯಾಕ? ಆಮ್ಯಾಲ ತಗೀತೀರಲ್ಲ, ತಗೀರಿ. ಇಡೂದು ನನ್ನ ಕೆಲಸ."

"ಈ ಸಲ ಇಡೂದ ಬ್ಯಾಡ ಅಂದೆ."

ಅವಳು ಆಗ ಸುತ್ತ ನೋಡಿದಳು. ಹಾಸಿಗೆಯಿಲ್ಲದ ಮಂಚದ ಪಟ್ಟಿಗಳು, ತೆರೆದ ಕಪಾಟುಗಳು, ಒಲೆಯ ಮೇಲಿನ ಗೋಡೆಯಲ್ಲಿ ಬರೀ ಮೊಳೆ.

"ಬಸವಣ್ಣನ್ನೂ ತಗದ್ರಿ?"

ನಾನು ಆ ಮೊಳೆಯನ್ನೇ ನೋಡಿದೆ.

"ಇದು ಚಳಿಗಾಲಕ್ಕ ನಿಲ್ಲಸೂದಲ್ರಿ. ಎಲ್ಲಾ ತೂತು ಒಣಗಿಸಿ, ವರಸಿ, ಸಾಮಾನು ಬ್ಯಾರೆ ಮಾಡಿ... ವಾರ್ಡಿನ್ಯಾಗ ಸತ್ತವರನ್ನ ನಾವು ಹಿಂಗ ತಯಾರ ಮಾಡ್ತಿದ್ವಿ. ಏನ್ ನಡಸೀರಿ? ಮಗಳಿಗೆ ಮಾರ್ತೀನಂತ ಮಾತ ಕೊಟ್ಟೀರೇನು?"

"ಮಾರೂದಿಲ್ಲ."

"ಮತ್ತ?"

ಮಂಚದ ಪಟ್ಟಿಯ ಮೇಲೆ ಕುಳಿತು ಹೇಳಿದೆ. ಕಪ್ಪು ತೋರಿಸಿದ ಡಾಕ್ಟರಮ್ಮನಿಂದ ಹಿಡಿದು ಭಾನುವಾರದ ಉಪಾಯದವರೆಗೆ. ಗೇಟಿನ ಹೆಂಗಸಿನ ವಿಷಯವನ್ನೂ ಬಿಡಲಿಲ್ಲ. ಅವಳದು ತಪ್ಪಿರಲಿಲ್ಲ, ನನಗೆ ಅವಳು ಕಾಣಲೇ ಇಲ್ಲ ಎಂದೆ.

ಹೆಂಡತಿ ತಂಬಿಗೆಯನ್ನು ಮೇಜಿನ ಮೇಲಿಟ್ಟು ನನ್ನ ಎದುರು ಕುಳಿತಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ದನಿ ಏರಿಸದೆ ಕೇಳಿದಳು.

"ನನ್ನ ಮೂಗು ನೋಡ್ರಿ. ಕಣ್ಣು ಅಲುಗಿಸಬ್ಯಾಡ್ರಿ. ಬೆರಳು ಕಾಣ್ತೈತಾ?"

ಬಲಗಡೆ ಅವಳ ಬೆರಳು ಆಡುತ್ತಿತ್ತು. "ಹೂಂ." ಅವಳು ಆ ಕೈ ಇಳಿಸಿ ಇನ್ನೊಂದು ಕೈಯನ್ನು ನನ್ನ ಎಡಗಡೆಗೆ ಎತ್ತಿದಳು.

"ಈಗ?"

"ಇಲ್ಲ."

"ಈಗ?"

"ಇಲ್ಲ."

"ಈಗ್ರಿ?"

ತಲೆ ಅಲ್ಲಾಡಿಸಿದೆ.

"ನನ್ನ ಕೈ ನಿಮ್ಮ ಕಿವಿ ಹತ್ರ ಇಲ್ಲ, ನಿಮ್ಮ ಮುಂದ ಐತಿ. ಅಂಗೈ ಪೂರಾ ತಗದ ಹಿಡದೀನಿ. ಇಲ್ಲಿತ್ತು ಆ ಕೂಸು." ಅವಳ ದನಿ ಒಡೆದದ್ದು ಆಗಲೇ. "ಅಕಿಗೆ ನಾ ಏನೇನಂದೆ, ನೆನಪೈತಿ? ಹೆದರಿ ನಡಗಾಕತ್ತಿದ್ಲು. ಅಕಿ ಬಾಯಿ ಮುಚ್ಚಿಸಿದೆ. ಊರ ಮಂದಿಗೆಲ್ಲಾ ಹೇಳಿಕೊಂತ ತಿರಗಿದೆ. ನೀವು ಕೇಸರಿಬಾತ ತಿಂದ್ರಿ."

"ತಪ್ಪಾತು."

"ನನಗ ಹೇಳಿದ್ರ ಏನ್ ಬಂತು? ಮುಂದಿನ ವಾರ ಶನಿವಾರ ರಾಜ್ಯೋತ್ಸವ ಐತಿ. ಅದ ಹಾಲ್, ಅದ ಮಂದಿ. ಅಲ್ಲಿ ಹೇಳ್ರಿ."

"ಅಲ್ಲಿ ಹೇಳಿದ್ರ ಅಕಿಗೆ ಕೇಳಸ್ತೈತೇನು?"

"ಅಕಿಗೆ ಕೇಳಸೂದಿಲ್ಲ. ನನಗ ಕೇಳಸ್ತೈತಿ. ಅಲ್ಲೀತನಕ ಈ ಗಾಡಿ ಇಲ್ಲೇ ನಿಂದರ್ಲಿ. ಆಮ್ಯಾಲ ಇದರಾಗ ನಾ ಕಾಲ ಇಡ್ತೀನೋ ಇಲ್ಲೋ ನೋಡೂಣು." ಎದ್ದುಹೋದಳು. ತಂಬಿಗೆ, ಡಬ್ಬಿ ಎರಡನ್ನೂ ತೆಗೆದುಕೊಂಡೇ ಹೋದಳು.

ಆ ವಾರ ಮನೆಯಲ್ಲಿ ಊಟಕ್ಕೆ ಕರೆಯುವ ಮಾತು, ಕಣ್ಣಿಗೆ ಹನಿ ಹಾಕುವಾಗ "ಮ್ಯಾಲೆ ನೋಡ್ರಿ" ಎನ್ನುವ ಮಾತು, ಎರಡೇ. ಅವಳಿಲ್ಲದ ಕ್ಯಾರವಾನ್ ಇಟ್ಟುಕೊಂಡು ನಾನು ಏನು ಮಾಡಲಿ? ಮಾರುವುದಿಲ್ಲ ಎಂದು ಜಗತ್ತಿಗೆಲ್ಲ ಎದೆ ತಟ್ಟಿ ಹೇಳಬಹುದು, ಒಬ್ಬನೇ ಕುಳಿತು ರೊಟ್ಟಿ ತಿನ್ನಲು ಆಗುವುದಿಲ್ಲ.

ಶನಿವಾರ ಹಾಲ್‌ನಲ್ಲಿ ನಾಡಗೀತೆ ಆಯಿತು, ಮಕ್ಕಳ ಕುಣಿತ ಆಯಿತು. ನನಗೆ ವೇದಿಕೆ ಬೇಕಿರಲಿಲ್ಲ. ಊಟದ ಉದ್ದ ಮೇಜಿನಲ್ಲಿ, ಗಣಪತಿ ಹಬ್ಬದಲ್ಲಿ ಕತೆ ಕೇಳಿದವರೇ ಹೆಚ್ಚಾಗಿ ಕುಳಿತಿದ್ದ ಕಡೆ, ಎದ್ದು ನಿಂತೆ. ನಮ್ಮ ಮನೆಯವರು ಹೇಳಿದ ಕತೆಯಲ್ಲಿ ಒಂದು ವಿಷಯ ಅವರಿಗೆ ಗೊತ್ತಿರಲಿಲ್ಲ ಎಂದು ಸುರು ಮಾಡಿ ಎಲ್ಲ ಹೇಳಿದೆ. ಚಿತ್ರಾನ್ನ ಬಡಿಸುತ್ತಿದ್ದ ಕೈ ನಿಂತಿತು. ಧಾರವಾಡದ ಡಾಕ್ಟರು ತಟ್ಟೆ ನೋಡುತ್ತ ಕುಳಿತರು. ಕೊನೆಗೆ ಬೆಂಗಳೂರಿನ ಒಬ್ಬರು, ಒಳ್ಳೆಯವರು, ನನ್ನನ್ನು ಉಳಿಸಲು ನೋಡಿದರು.

"ಬಿಡಿ ಸಾರ್, ಮಗೂಗೆ ಏನೂ ಆಗಿಲ್ವಲ್ಲ. ಇವರೇನು ನಮಗೆ ಕಮ್ಮಿ ಮಾಡಿದಾರಾ? ಅದಕ್ಕೆ ಇದು ಸರಿಹೋಯ್ತು."

"ಸರಿ ಹೋಗಲಿಲ್ರಿ" ಎಂದೆ. ಸಿಟ್ಟೇ ಬಂದಿತ್ತು. "ಸಮುದ್ರದ ದಂಡ್ಯಾಗ ನಮಗ ಬಾಗಿಲ ಹಾಕಿದಾಕಿ ಬ್ಯಾರೆ. ಅಕಿನ್ನ ನಾ ಇವತ್ತಿಗೂ ಕ್ಷಮಿಸಿಲ್ಲ, ಸಾಯೂತನಕ ಕ್ಷಮಿಸೂದೂ ಇಲ್ಲ. ಈ ತಾಯಿ ಏನ್ ಮಾಡಿದ್ಲು? ಅಕಿ ಕುರುಡೇನ ಅಂತ ಕೇಳಿದ್ಲು. ಕುರುಡ ಇದ್ದೆ. ನಮಗಾದ ಅನ್ಯಾಯ ತೋರಿಸಿ ನನ್ನ ತಪ್ಪು ಮುಚ್ಚಬ್ಯಾಡ್ರಿ."

ಕೆಲವರು ಆ ದಿನದಿಂದ ನನ್ನೊಡನೆ ಮೊದಲಿನಂತಿಲ್ಲ. ಇರಲಿ. ಮನೆಗೆ ಬರುವಾಗ ಕಾರಿನಲ್ಲಿ ಹೆಂಡತಿ ಸಿಗ್ನಲ್ಲಿನಲ್ಲಿ ನಿಂತಾಗ ಒಂದೇ ಮಾತು ಕೇಳಿದಳು: "ನಾಳೆ ಎಷ್ಟಕ್ಕ ಹೊರಡೂದು?"

"ನೀನು ಎಳದುಕೊಂಡ್ ಹೋಗ್ತೀಯಾ?"

"ಮತ್ಯಾರು, ಬಸವಣ್ಣ ಬರ್ತಾನೇನು? ಕಾರಿನ ಲೈಸೆನ್ಸ್ ಇದ್ದವರು ಎಳೀಬೋದಂತ ನೀವ ಹೇಳೀರಿ. ಇಷ್ಟು ವರ್ಷ ಒಂದ ಸಲನೂ ನನ್ನ ಕೈಯಾಗ ಕೊಡಲಿಲ್ಲ."

ಅದೂ ನಿಜ. ನಿನಗೆ ಆಗುವುದಿಲ್ಲ, ಇದು ಬಸ್ ಡ್ರೈವರ್ ಕೆಲಸ ಎನ್ನುತ್ತಿದ್ದೆ.

ಭಾನುವಾರ ಬೆಳಗ್ಗೆ ಮಗಳು ಓಡಿ ಬಂದಳು. ಅವಳಿಗೆ ರಾಜ್ಯೋತ್ಸವದ ಸುದ್ದಿ ಆಗಲೇ ಯಾರೋ ಮುಟ್ಟಿಸಿದ್ದರು. ನನ್ನ ಮೇಲೆ ಕೂಗಾಡಿದಳು, ನಾನು ತಲೆ ತಗ್ಗಿಸಿ ಕೇಳಿದೆ. ಮಾರಲೇಬೇಕು ಎಂದಾಗ ಮಾತ್ರ ತಲೆ ಎತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಕಾರಿನೊಳಗಿಂದ, "ಮಾರೂದಿಲ್ಲ" ಎಂದಳು.

"ಅಮ್ಮಾ, ಯೂ ಹ್ಯಾವ್ ನೆವರ್ ಟೋವ್ಡ್ ಎನಿಥಿಂಗ್!"

"ನಿಮ್ಮಪ್ಪನ್ನ ಇಷ್ಟು ವರ್ಷ ಎಳದೀನಿ. ಸರಿ ಆಕಡೆ."

ಮಗಳಿಗೆ ನಗು ಬಂತು, ಬರಬಾರದಿತ್ತು ಎನ್ನುವ ಹಾಗೆ ಮುಖ ತಿರುಗಿಸಿದಳು. ನಾನು ಕ್ಯಾರವಾನಿನ ಕೊಂಡಿ ಸಿಕ್ಕಿಸಿ, ಎರಡು ಸಲ ಎಳೆದು ನೋಡಿ, ಹಿಂದಿನ ದೀಪ ಪರೀಕ್ಷಿಸಿ ಎಡಗಡೆಯ ಸೀಟಿನಲ್ಲಿ ಕುಳಿತೆ. ಅವಳು ಎಷ್ಟು ನಿಧಾನ ಓಡಿಸಿದಳೆಂದರೆ ಹಿಂದೆ ಸಾಲು ಬೆಳೆಯಿತು. ಯಾರೋ ಹಾರ್ನ್ ಒತ್ತಿದರು.

"ಒತ್ತಿದ್ರ ಒತ್ತಲಿ. ಅವರಪ್ಪನ ರಸ್ತೆ ಅಲ್ಲ" ಎಂದಳು.

"ಇನ್ನೊಂದ ಸ್ವಲ್ಪ ಬಲಕ್ಕ ಹೋಗಿ ತಿರುಗಸು, ಹಿಂದಿಂದು ಒಳಗ ಬರ್ತೈತಿ."

"ಬಾಯಿ ಮುಚ್ಚಿಕೊಂಡ್ ಕುಂದರ್ರಿ." ಒಂದು ಕ್ಷಣ ಬಿಟ್ಟು, "ಎಷ್ಟು ಬಲಕ್ಕ?"

ಹೇಳಿದೆ. ಅವಳು ಎಡಗಡೆಯ ಕನ್ನಡಿ ನೋಡಿ, ಮತ್ತೆ ನೋಡಿ, ಕತ್ತು ತಿರುಗಿಸಿಯೂ ನೋಡಿ ತಿರುಗಿಸಿದಳು. ಪಾದಚಾರಿ ರಸ್ತೆಯ ಕಲ್ಲಿಗೆ ಗಾಲಿ ತಾಗಲಿಲ್ಲ. ನಾನು ಹೊಗಳಲಿಲ್ಲ. ಹೊಗಳುವ ಅಧಿಕಾರ ನನಗಿರಲಿಲ್ಲ.

ಕ್ಯಾರವಾನುಗಳ ಅಂಗಳ ತಲುಪಿದಾಗ ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು. ಕಾಯುವವನು ಹೊರಗೆ ಬಂದು ಕೇಳಿದ: ಹಿಂದಿನ ಸಾಲೋ, ಮುಂದಿನದೋ? ಹಿಂದಿನದು ವರ್ಷಗಟ್ಟಲೆ ನಿಲ್ಲುವವಕ್ಕೆ, ಅಲ್ಲಿಂದ ಹೊರಗೆ ತೆಗೆಯಲು ನಾಲ್ಕು ಗಾಡಿ ಸರಿಸಬೇಕು. ಮುಂದಿನದು ಬಂದು ಹೋಗುವವಕ್ಕೆ. ನಾನು ಹಿಂದಿನ ಸಾಲು ಹೇಳಿಟ್ಟಿದ್ದೆ. ಅವನ ಕಂಪ್ಯೂಟರಿನಲ್ಲೂ ಹಾಗೇ ಇತ್ತು. ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

"ಫ್ರಂಟ್ ರೋ" ಎಂದಳು ಅವನಿಗೆ. "ಐ ವಿಲ್ ಕಮ್ ಇನ್ ಏಪ್ರಿಲ್."

ನಾನು ಎಂದಳು, ನಾವು ಎನ್ನಲಿಲ್ಲ. ನನಗೆ ಅದು ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

ಹಿಮ್ಮುಖ ಹೊಡೆದು ಜಾಗಕ್ಕೆ ನಿಲ್ಲಿಸುವುದು ಅವಳಿಂದ ಆಗಲಿಲ್ಲ. ಕಾಯುವವನು ತಾನು ಮಾಡಿಕೊಡುತ್ತೇನೆಂದ, ಅವಳು ಬೇಡವೆಂದಳು. ನಾವಿಬ್ಬರೇ ಕೊಂಡಿ ಬಿಚ್ಚಿ, ಕೈಯಿಂದ ತಳ್ಳಿದೆವು, ಅವಳು ಎಡಕ್ಕೆ, ನಾನು ಬಲಕ್ಕೆ. ವಯಸ್ಸಾದ ಇಬ್ಬರು ಏದುಸಿರು ಬಿಡುತ್ತ ಗಾಲಿಯ ಮನೆಯೊಂದನ್ನು ತಳ್ಳುವುದನ್ನು ನೋಡಿ ಅವನು ನಕ್ಕನೋ ಮರುಗಿದನೋ ಗೊತ್ತಿಲ್ಲ. ಗಾಲಿಗೆ ಅಡೆ ಕೊಟ್ಟು, ಬ್ರೇಕ್ ತುಕ್ಕು ಹಿಡಿದು ಅಂಟಿಕೊಳ್ಳಬಾರದೆಂದು ಹ್ಯಾಂಡ್‌ಬ್ರೇಕ್ ಬಿಟ್ಟೆ. ಡಿಕ್ಕಿಯಿಂದ ಕಬ್ಬಿಣದ ಗೂಟಗಳನ್ನು ತೆಗೆದಾಗ ಅವಳು ಸಿಡುಕಿದಳು.

"ಏಪ್ರಿಲಿಗೆ ಬರ್ತೀನಂತ ಹೇಳಿಲ್ಲ? ಅವು ಯಾಕ?"

"ಏಪ್ರಿಲಿನತನಕ ಒಂದ ಜಾಗದಾಗ ನಿಂತ್ರ ಟೈರು ಚಪ್ಪಟ ಆಗ್ತೈತಿ. ನೀ ಎಳೀವಾಗ ಒಡೀಬಾರದು."

ಅವಳು ಬೇಡವೆನ್ನಲಿಲ್ಲ. ನಾನು ಜಾಕ್ ತಿರುಗಿಸಲು ಮಂಡಿಯೂರಿದೆ. ಅವಳು ನನ್ನ ಎಡಕ್ಕೆ ಬಂದು ನಿಂತು, ಗೂಟ ಎಲ್ಲಿ ಕೂರಬೇಕೆಂದು ಕೈ ಹಿಡಿದು ತೋರಿಸತೊಡಗಿದಳು.